ಕಿವಿ ಕೇಳದವರಿಗೆ ಮೊದಲು ಗೊತ್ತಾದ ಸುದ್ದಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಉಕ್ರೇನ್ ಬಗ್ಗೆ ದೊಡ್ಡ ಲೇಖನ ಹಾಕಿದ್ದಿರಿ. ಯುದ್ಧ, ಗೋಧಿ, ಗ್ಯಾಸ್ ಪೈಪು ಎಲ್ಲದರ ಬಗ್ಗೆಯೂ ಚೆನ್ನಾಗಿ ಬರೆದಿದ್ದರು. ಆದರೆ ನಡುವೆ ಒಂದು ಸಾಲು ಬಂತು. ಸೋವಿಯತ್ ಒಕ್ಕೂಟ ಒಡೆದ ಮೇಲೂ ಅಲ್ಲಿ ಸ್ವತಂತ್ರ ಪತ್ರಿಕೋದ್ಯಮ ಹುಟ್ಟಲೇ ಇಲ್ಲ, ಇದ್ದದ್ದೆಲ್ಲ ದುಡ್ಡಿನವರ ಕೈಗೊಂಬೆ ಅಂತ. ಓದಿ ಕಾಫಿ ಲೋಟ ಕೆಳಗಿಟ್ಟೆ. ನಾಲ್ಕು ದಿನ ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ. ಪತ್ರ ಉದ್ದ ಆಗುತ್ತದೆ, ಕ್ಷಮಿಸಿ. ಆ ಒಂದು ಸಾಲಿನ ಕೆಳಗೆ ಸತ್ತವರಿದ್ದಾರೆ. ಅವರಲ್ಲಿ ಒಬ್ಬರ ಸಾವು ನಾನು ಅಲ್ಲಿನ ರಾಜಧಾನಿ ಕೀವ್‌ನಲ್ಲಿದ್ದಾಗಲೇ ಆದದ್ದು.

ನಾನು ಹೊಸದುರ್ಗದಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ವೈದ್ಯೆ. 1998ರ ಸೆಪ್ಟೆಂಬರಿನಿಂದ 2005ರ ಜೂನ್‌ವರೆಗೆ ಕೀವ್‌ನಲ್ಲಿ ಓದಿದೆ. ಒಂದು ವರ್ಷ ಭಾಷೆ, ಆಮೇಲೆ ಆರು ವರ್ಷ ವೈದ್ಯಕೀಯ. ಅಪ್ಪ ತೆಂಗಿನ ತೋಟದ ಮೇಲೆ ಸಾಲ ಎತ್ತಿ ಕಳಿಸಿದ್ದರು. ರಾಜಕೀಯ ನೋಡಲು ಹೋದವಳಲ್ಲ. ಹಾಸ್ಟೆಲಿನ ಗದ್ದಲ ತಡೆಯಲಾಗದೆ ಎರಡನೇ ವರ್ಷ ಒಂದು ಕೋಣೆ ಬಾಡಿಗೆಗೆ ಹಿಡಿದೆ. ದ್ನಿಪ್ರೊ ನದಿಯ ಎಡದಂಡೆಯಲ್ಲಿ, ಲಿಫ್ಟ್ ಇಲ್ಲದ ಐದಂತಸ್ತಿನ ಹಳೇ ಕಟ್ಟಡ. ಮನೆಯೊಡತಿ ನಿವೃತ್ತರಾದ ಅಜ್ಜಿ. ಸೋವಿಯತ್ ಕಾಲದಲ್ಲಿ ಒಂದು ದಿನಪತ್ರಿಕೆಯಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿದವರು. ಅಲ್ಲಿ ಹಿರಿಯರನ್ನು ಅವರ ಹೆಸರಿಗೆ ತಂದೆಯ ಹೆಸರು ಸೇರಿಸಿ ಕರೆಯುತ್ತಾರೆ, ಅದೇ ಮರ್ಯಾದೆ. ನಾನೂ ಹಾಗೇ ಕರೆಯುತ್ತಿದ್ದೆ. ಇಲ್ಲಿ ಮಾತ್ರ ಅಜ್ಜಿ ಅಂತಲೇ ಬರೆಯುತ್ತೇನೆ.

ಅಜ್ಜಿಯ ಅಡುಗೆಮನೆ ಗೋಡೆಯಲ್ಲಿ ಒಂದು ರೇಡಿಯೋ ಡಬ್ಬಿ ಇತ್ತು. ಅದಕ್ಕೆ ಸ್ಟೇಷನ್ ಬದಲಿಸುವ ಗುಂಡಿಯೇ ಇಲ್ಲ. ನಲ್ಲಿಯಲ್ಲಿ ನೀರು ಬಂದ ಹಾಗೆ ಸರಕಾರದ ರೇಡಿಯೋ ತಂತಿಯಲ್ಲಿ ನೇರ ಮನೆಗೆ ಬರುತ್ತಿತ್ತು. ಇದ್ದ ಒಂದೇ ಗುಂಡಿಯಲ್ಲಿ ಸದ್ದು ಜಾಸ್ತಿ ಕಡಿಮೆ ಮಾಡಬಹುದಿತ್ತು, ಅಷ್ಟೇ. ಪಕ್ಕದ ಕಿಟಕಿಯಲ್ಲಿ ಅಜ್ಜಿಯ ಸ್ವಂತ ಟ್ರಾನ್ಸಿಸ್ಟರ್. ಅದರಲ್ಲಿ ಅಮೆರಿಕ ದುಡ್ಡು ಕೊಟ್ಟು ನಡೆಸುತ್ತಿದ್ದ ರೇಡಿಯೋ ಲಿಬರ್ಟಿ ಕೇಳುತ್ತಿದ್ದರು, ಅಲ್ಲಿನವರ ಬಾಯಲ್ಲಿ 'ಸ್ವೊಬೊದಾ'. ಬೆಳಿಗ್ಗೆ ಗೋಡೆಯ ಡಬ್ಬಿ, ರಾತ್ರಿ ಟ್ರಾನ್ಸಿಸ್ಟರ್. ಒಂದೇ ದಿನದ ಸುದ್ದಿ ಎರಡು ಥರ ಕೇಳಿಸುತ್ತಿತ್ತು.

ಒಮ್ಮೆ ಕೀವ್‌ನ ಉತ್ತರಕ್ಕಿರುವ ಚೆರ್ನೋಬಿಲ್ ಅಣುಸ್ಥಾವರದ ಬಗ್ಗೆ ಕೇಳಿದೆ. 1986ರ ಏಪ್ರಿಲ್ 26ರ ನಡುರಾತ್ರಿ ಕಳೆದ ಮೇಲೆ ರಿಯಾಕ್ಟರ್ ಸಿಡಿಯಿತು. ಮಾಸ್ಕೋ ಟೀವಿ ಬಾಯಿ ಬಿಟ್ಟದ್ದು 28ರ ರಾತ್ರಿ, ಅದೂ ಕೆಲವೇ ವಾಕ್ಯ. ಪತ್ರಿಕೆಗಳಿಗೆ ಮೊದಲು ಬಂದದ್ದೂ ಅಷ್ಟೇ ಉದ್ದದ ಪ್ರಕಟಣೆ. ಅದರ ಪ್ರೂಫ್ ಅಜ್ಜಿಯ ಮೇಜಿಗೆ ಬಂದಿತ್ತಂತೆ. "ತಪ್ಪು ಹುಡುಕೋದಕ್ಕೇ ನನಗೆ ಸಂಬಳ, ಮಗಳೇ. ಅವತ್ತು ಒಂದು ಅಕ್ಷರವೂ ತಪ್ಪಿರಲಿಲ್ಲ. ಸಹಿ ಹಾಕಿದೆ" ಅಂದರು. ಮೂರು ದಿನದ ಮೇಲೆ ಮೇ 1. ಕ್ರೆಶ್ಚಾತಿಕ್ ಬೀದಿಯಲ್ಲಿ ಎಂದಿನಂತೆ ಕಾರ್ಮಿಕ ದಿನದ ಮೆರವಣಿಗೆ ನಡೆಯಿತು. ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಹೋಗಿದ್ದರು. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದರು.

ಇಂಥವರ ನಾಡಿಗೆ 1991ರ ಆಗಸ್ಟ್ 24ರಂದು ಸ್ವಾತಂತ್ರ್ಯ ಬಂತು. ಡಿಸೆಂಬರ್ 1ರಂದು ಜನಮತ ಕೇಳಿದಾಗ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಮಂದಿ ಹೌದು ಅಂದರು. 1996ರ ಸಂವಿಧಾನದ 15ನೇ ವಿಧಿಯಲ್ಲಿ ಸೆನ್ಸಾರ್ ಕೂಡದು ಅಂತ ನೇರವಾಗಿ ಬರೆದರು. ಅಜ್ಜಿ ಆ ಪುಟವನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದರು. ಮೊದಲು ಸೆನ್ಸಾರ್ ಇಲಾಖೆಯ ಮುದ್ರೆ ಬೀಳದೆ ಯಾವ ಪುಟವೂ ಅಚ್ಚಿಗೆ ಹೋಗುತ್ತಿರಲಿಲ್ಲ. ಈಗ ಆ ಮುದ್ರೆಯೇ ಇಲ್ಲ.

ಆದರೆ ಕಾಗದಕ್ಕೆ ದುಡ್ಡೂ ಇಲ್ಲ. 1993ರಲ್ಲಿ ಅಲ್ಲಿ ಒಂದೇ ವರ್ಷದಲ್ಲಿ ಬೆಲೆ ನೂರು ಪಟ್ಟು ಏರಿತು. ಜನವರಿಯಲ್ಲಿ ಕಟ್ಟಿದ ವರ್ಷದ ಚಂದಾಕ್ಕೆ ಡಿಸೆಂಬರಿನಲ್ಲಿ ಒಂದು ಬ್ರೆಡ್ಡೂ ಬರುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಹೀಗಿರುವಾಗ ಪತ್ರಿಕೆ ನಡೆಯುವುದಾದರೂ ಹೇಗೆ? ಜನರ ಹತ್ತಿರ ಕೊಳ್ಳಲು ಕಾಸಿಲ್ಲ, ಜಾಹೀರಾತು ಕೊಡುವ ಅಂಗಡಿಗಳಿಲ್ಲ. ಆಗ ಉಕ್ಕಿನ ಕಾರ್ಖಾನೆ, ಗ್ಯಾಸ್ ವ್ಯಾಪಾರ ಹಿಡಿದವರು ಬಂದು ಟೀವಿ, ಪತ್ರಿಕೆ ಕೊಂಡರು. ಅವರಿಗೆ ಅದರಿಂದ ಲಾಭ ಬೇಕಿರಲಿಲ್ಲ. ಉಳಿದ ವ್ಯವಹಾರಕ್ಕೆ ಅದು ಕಾವಲು. ನಾನು ಅಲ್ಲಿದ್ದಾಗ ದೊಡ್ಡ ಖಾಸಗಿ ಚಾನೆಲ್‌ಗಳ ಪೈಕಿ ಮೂರು ಅಧ್ಯಕ್ಷ ಲಿಯೊನಿದ್ ಕುಚ್ಮಾ ಅವರ ಅಳಿಯ ವಿಕ್ಟರ್ ಪಿಂಚುಕ್ ಕಡೆ ಇದ್ದವು. ಇನ್ನೆರಡರ ಮೇಲೆ ಅಧ್ಯಕ್ಷರ ಕಚೇರಿಯ ಮುಖ್ಯಸ್ಥರಾದ ವಿಕ್ಟರ್ ಮೆದ್ವೆದ್ಚುಕ್ ಬಳಗದ ಹಿಡಿತ. ಹಿಡಿತಕ್ಕೆ ಸಿಗದವರ ಬಾಗಿಲಿಗೆ ತೆರಿಗೆಯವರು ಬರುತ್ತಿದ್ದರು. ಅಥವಾ ಪತ್ರಿಕೆ ಮುಚ್ಚಿಹೋಗುವಷ್ಟು ಮೊತ್ತದ ಮಾನನಷ್ಟ ದಾವೆ ಬೀಳುತ್ತಿತ್ತು. ಇಷ್ಟರ ಮಟ್ಟಿಗೆ ನಿಮ್ಮ ಲೇಖಕರು ಬರೆದದ್ದು ನಿಜ. ನಾನು ಇಲ್ಲ ಅನ್ನುವುದಿಲ್ಲ.

ಇದಕ್ಕೆ ಅಲ್ಲಿನ ಪತ್ರಕರ್ತರೇ ಇಟ್ಟ ಒಂದು ಹೆಸರಿತ್ತು. 'ಜಿನ್ಸಾ'. ಅಂದರೆ ನಮ್ಮ ಜೀನ್ಸ್ ಪ್ಯಾಂಟೇ. ದುಡ್ಡು ಕೊಟ್ಟು ಬರೆಸಿದ ಸುದ್ದಿಗೆ ಹಾಗನ್ನುತ್ತಾರೆ, ನೋಟು ಹೋಗುವುದು ಜೀನ್ಸ್ ಜೇಬಿಗೆ ಅಲ್ವಾ. ಅಜ್ಜಿ ನನಗೆ ಭಾಷೆ ಕಲಿಸಿದ್ದೇ ಈ ಜಿನ್ಸಾ ಇಟ್ಟುಕೊಂಡು. ಮೆಟ್ರೋದ ಸುರಂಗ ದಾರಿಯಲ್ಲಿ ಸಾಲಾಗಿ ಪತ್ರಿಕೆ ಮಾರುವವರು ಕೂರುತ್ತಿದ್ದರು. ವಾರಕ್ಕೆ ಮೂರು ಪತ್ರಿಕೆ ತರಬೇಕು, ಕೆಂಪು ಪೆನ್ಸಿಲ್ ಹಿಡಿದು ಕೂರಬೇಕು. ಒಂದೊಂದು ಸುದ್ದಿಯಲ್ಲೂ ಈ ಮಾತು ಯಾರು ಹೇಳಿದರು ಅಂತ ಹುಡುಕಿ ಗೆರೆ ಎಳೆಯಬೇಕು. ಯಾರೂ ಹೇಳಿರದಿದ್ದರೆ, ಎದುರು ಪಕ್ಷದವರನ್ನು ಕೇಳಿರದಿದ್ದರೆ, ಇದ್ದಕ್ಕಿದ್ದ ಹಾಗೆ ಯಾವುದೋ ಕಾರ್ಖಾನೆ ಡೈರೆಕ್ಟರು ಅನಾಥಾಶ್ರಮಕ್ಕೆ ಕಂಬಳಿ ಕೊಟ್ಟಿದ್ದರೆ, ಚುನಾವಣೆ ಹತ್ತಿರ ಇದ್ದರೆ, ಪಕ್ಕದಲ್ಲಿ ಒಂದು ಪ್ಯಾಂಟು ಬರೆಯಬೇಕು. ಆರು ತಿಂಗಳಿಗೆ ನನ್ನ ರಷ್ಯನ್ ಸುಧಾರಿಸಿತು. ಇವತ್ತಿಗೂ ಪತ್ರಿಕೆ ಓದುವಾಗ ನನ್ನ ಕಣ್ಣು ಮೊದಲು ಅದನ್ನೇ ಹುಡುಕುತ್ತದೆ.

ಈಗ ಪತ್ರಕರ್ತ ಗಿಯೋರ್ಗಿ ಗೊಂಗಾಡ್ಜೆ ಬಗ್ಗೆ. ಅವರ ಹೆಸರೇ ನಿಮ್ಮ ಲೇಖನದಲ್ಲಿ ಇರಲಿಲ್ಲ. ನನಗೆ ಜಾಸ್ತಿ ನೋವಾದದ್ದು ಅದಕ್ಕೆ.

ಗೊಂಗಾಡ್ಜೆ ಹುಟ್ಟಿದ್ದು ಜಾರ್ಜಿಯಾದ ತಿಬಿಲಿಸಿಯಲ್ಲಿ, 1969ರಲ್ಲಿ. ತಂದೆ ಜಾರ್ಜಿಯಾದವರು, ತಾಯಿ ಉಕ್ರೇನಿನವರು. 1993ರಲ್ಲಿ ಸುಖುಮಿ ಎಂಬ ಊರಿನ ಯುದ್ಧವನ್ನು ಚಿತ್ರೀಕರಿಸಲು ಹೋಗಿ ಗಾಯಗೊಂಡರು. ಲೋಹದ ಚೂರುಗಳು ಮೈಯಲ್ಲೇ ಉಳಿದವು. ಕೀವ್‌ನಲ್ಲಿ ಟೀವಿ, ರೇಡಿಯೋದಲ್ಲಿ ಕೆಲಸ ಮಾಡಿದರು. ಅಲ್ಲಿ ಬಾಯಿ ಮುಚ್ಚಿಸುವುದು ಜಾಸ್ತಿಯಾದಾಗ 2000ದ ಏಪ್ರಿಲ್‌ನಲ್ಲಿ ಒಲೆನಾ ಪ್ರಿತುಲಾ ಮತ್ತು ಕೆಲವು ಗೆಳೆಯರ ಜೊತೆ ಸೇರಿ ಇಂಟರ್‌ನೆಟ್ ಪತ್ರಿಕೆ ಶುರು ಮಾಡಿದರು. ಹೆಸರು 'ಉಕ್ರಾಯಿನ್‌ಸ್ಕಾ ಪ್ರಾವ್ದಾ', ಉಕ್ರೇನಿನ ಸತ್ಯ. ಅಚ್ಚುಕೂಟ ಬೇಡ, ಕಾಗದ ಬೇಡ, ಲೈಸೆನ್ಸ್ ಬೇಡ. ಅಧ್ಯಕ್ಷರ ಹತ್ತಿರದವರ ವ್ಯವಹಾರಗಳನ್ನು ಹೆಸರು ಹಿಡಿದು ಬರೆಯುತ್ತಿದ್ದರು. ಆಗ ಅದನ್ನು ಓದುವವರೂ ಕಡಿಮೆ. ಮನೆಯಲ್ಲಿ ಕಂಪ್ಯೂಟರ್ ಇದ್ದವರೇ ಅಪರೂಪ.

ಆ ವರ್ಷ ಜುಲೈನಲ್ಲಿ ಗೊಂಗಾಡ್ಜೆ ಪ್ರಾಸಿಕ್ಯೂಟರ್ ಜನರಲ್‌ಗೆ ಬಹಿರಂಗ ಪತ್ರ ಬರೆದರು. ತನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆ, ಪೊಲೀಸರು ಪರಿಚಯದವರ ಹತ್ತಿರ ತನ್ನ ಬಗ್ಗೆ ವಿಚಾರಿಸುತ್ತಿದ್ದಾರೆ ಅಂತ ದೂರಿದರು. ಹಿಂಬಾಲಿಸಿದ ಕಾರಿನ ನಂಬರನ್ನೂ ಕೊಟ್ಟಿದ್ದರು. ಯಾರೂ ಏನೂ ಮಾಡಲಿಲ್ಲ. ಸೆಪ್ಟೆಂಬರ್ 16ರ ರಾತ್ರಿ ಕೆಲಸ ಮುಗಿಸಿ ಮನೆಗೆ ಹೊರಟವರು ತಲುಪಲಿಲ್ಲ. ಹೆಂಡತಿ ಮಿರೊಸ್ಲಾವಾ ಮತ್ತು ಮೂರು ವರ್ಷದ ಅವಳಿ ಹೆಣ್ಣುಮಕ್ಕಳು ಕಾಯುತ್ತಿದ್ದರು. ಗೊಂಗಾಡ್ಜೆಗೆ ಆಗ 31 ವರ್ಷ.

ಅಜ್ಜಿಗೆ ಈ ಸುದ್ದಿ ಸಿಕ್ಕಿದ್ದು ಟ್ರಾನ್ಸಿಸ್ಟರಿನಲ್ಲಿ. ಮರುದಿನ ನನ್ನ ಕೈಗೆ ಐದು ಹ್ರಿವ್ನಿಯಾ ನೋಟು ಕೊಟ್ಟು, "ನೀನು ಮನೆಗೆ ಪತ್ರ ಬರೆಯೋಕೆ ಹೋಗ್ತೀಯಲ್ಲ ಆ ಅಂಗಡಿ, ಅಲ್ಲಿ ಆ ಹುಡುಗನ ಪತ್ರಿಕೆ ಸಿಗುತ್ತಂತೆ. ಕಾಗದದ ಮೇಲೆ ತೆಗೆಸಿಕೊಂಡು ಬಾ" ಅಂದರು. ಇಂಟರ್‌ನೆಟ್ ಕೆಫೆಯಲ್ಲಿ ಅಪ್ಪನಿಗೆ ಇಮೇಲ್ ಮಾಡುವುದು ಅಂದರೆ ಹೊಸದುರ್ಗದಲ್ಲಿ ಒಬ್ಬ ಪರಿಚಯದವರ ಕಂಪ್ಯೂಟರ್ ಅಂಗಡಿಗೆ ಕಳಿಸುವುದು, ಅವರು ಅಪ್ಪನಿಗೆ ಓದಿ ಹೇಳುವುದು. ಇಲ್ಲಿ ಅದೇ ಕೆಲಸ ನಾನು ಅಜ್ಜಿಗೆ ಮಾಡಿದೆ. ವಾರಕ್ಕೆ ಎರಡು ಸಲ ನಾಲ್ಕೈದು ಹಾಳೆ ಪ್ರಿಂಟ್ ತೆಗೆಸಿ ತರುತ್ತಿದ್ದೆ. ಅಜ್ಜಿ ಓದಿ ಕೆಳಗಿನ ಮನೆಗೆ ಕೊಡುತ್ತಿದ್ದರು. ಅಲ್ಲಿಂದ ಪಕ್ಕದ ಮೆಟ್ಟಿಲಿನ ಮನೆಗಳಿಗೆ. ಡಿಸೆಂಬರ್ ಹೊತ್ತಿಗೆ ನನ್ನ ಹಾಳೆಗಳನ್ನು ಹನ್ನೊಂದು ಮನೆ ಓದುತ್ತಿತ್ತು. ಎಷ್ಟೋ ಕಡೆ ಅಂಚಿನಲ್ಲಿ ಕೆಂಪು ಪೆನ್ಸಿಲ್. ಅಜ್ಜಿಗೆ ಕಾಗುಣಿತ ತಪ್ಪಿದ್ದರೆ ತಡೆಯುತ್ತಿರಲಿಲ್ಲ. ಎಷ್ಟೇ ಧೈರ್ಯಸ್ಥ ಹುಡುಗರಾದರೂ ತಿದ್ದಿಬಿಡುತ್ತಿದ್ದರು.

ನವೆಂಬರ್ ಮೊದಲ ವಾರ ಕೀವ್‌ನಿಂದ ದೂರದ ತರಾಶ್ಚಾ ಎಂಬ ಊರಿನ ಕಾಡಿನಲ್ಲಿ ತಲೆ ಇಲ್ಲದ ಶವ ಸಿಕ್ಕಿತು. ನಾನು ಆಗ ಎರಡನೇ ವರ್ಷ, ಅಂಗರಚನೆ ಓದುತ್ತಿದ್ದೆ. ಅದು ಗೊಂಗಾಡ್ಜೆ ಅಂತ ಅವರ ಗೆಳೆಯರು ಗುರುತು ಹಿಡಿದದ್ದು ಮೈಮೇಲಿದ್ದ ಒಡವೆಯಿಂದ. ಜೊತೆಗೆ ಕೈಯ ಎಕ್ಸ್‌ರೇಯಲ್ಲಿ ಕಂಡ ಲೋಹದ ಚೂರಿನಿಂದ, ಸುಖುಮಿಯ ಚೂರಿನಿಂದ. ಆ ಹಾಳೆಯನ್ನು ನಾನೇ ತಂದುಕೊಟ್ಟೆ. ಅವತ್ತು ರಾತ್ರಿ ಎಲುಬುಗಳ ಹೆಸರು ಬಾಯಿಪಾಠ ಮಾಡಲು ಪುಸ್ತಕ ತೆಗೆದರೆ ಕೈಯ ಚಿತ್ರದ ಪುಟ ನೋಡಲಾಗಲಿಲ್ಲ.

ನವೆಂಬರ್ 28ರಂದು ಸಮಾಜವಾದಿ ನಾಯಕ ಒಲೆಕ್ಸಾಂದ್ರ್ ಮೊರೊಜ್ ಸಂಸತ್ತಿನಲ್ಲಿ ಎದ್ದು ನಿಂತು, ಅಧ್ಯಕ್ಷರ ಕೋಣೆಯಲ್ಲಿ ಗುಟ್ಟಾಗಿ ಮಾಡಿದ ಧ್ವನಿಮುದ್ರಣ ತಮ್ಮ ಬಳಿ ಇದೆ ಅಂದರು. ಅಧ್ಯಕ್ಷರ ಕಾವಲು ಪಡೆಯ ಮಿಕೋಲಾ ಮೆಲ್ನಿಚೆಂಕೊ ಮಾಡಿದ್ದು. ಅದರಲ್ಲಿ ಕುಚ್ಮಾ ಅವರದ್ದು ಎನ್ನಲಾದ ದನಿ ಗೊಂಗಾಡ್ಜೆಯ ಪೀಡೆ ಕಳೆಯುವ ಬಗ್ಗೆ ಮಾತಾಡುತ್ತದೆ. ಕುಚ್ಮಾ ತಮಗೂ ಕೊಲೆಗೂ ಸಂಬಂಧವೇ ಇಲ್ಲ ಅಂದರು, ಮುಂದೆಯೂ ಅದನ್ನೇ ಹೇಳಿದರು. 2011ರಲ್ಲಿ ಅವರ ಮೇಲೆ ಕೇಸು ಹಾಕಿದರು. ಆದರೆ ಆ ಧ್ವನಿಮುದ್ರಣವನ್ನು ಸಾಕ್ಷಿಯಾಗಿ ಒಪ್ಪಲಾಗದೆ ಅದೇ ವರ್ಷ ಕೇಸು ಬಿದ್ದುಹೋಯಿತು. ಕೊಂದ ಪೊಲೀಸರ ಪೈಕಿ ಮೂವರಿಗೆ 2008ರಲ್ಲಿ 12, 13 ವರ್ಷ ಸಜೆಯಾಯಿತು. ಅವರ ಮೇಲಧಿಕಾರಿ ಒಲೆಕ್ಸಿ ಪುಕಾಚ್‌ಗೆ 2013ರಲ್ಲಿ ಜೀವಾವಧಿ. ಆಗ ಒಳಾಡಳಿತ ಮಂತ್ರಿಯಾಗಿದ್ದ ಯೂರಿ ಕ್ರಾವ್ಚೆಂಕೊ 2005ರ ಮಾರ್ಚ್ 4ರಂದು, ವಿಚಾರಣೆಗೆ ಹೋಗಬೇಕಿದ್ದ ದಿನವೇ, ತಲೆಗೆ ಗುಂಡು ಬಿದ್ದು ಸತ್ತುಬಿದ್ದಿದ್ದರು. ಗಾಯ ಎರಡು. ಆತ್ಮಹತ್ಯೆ ಅಂತ ತೀರ್ಮಾನವಾಯಿತು. ಮಾಡಿದವರು ಸಿಕ್ಕರು, ಮಾಡಿಸಿದವರಿಗೆ ಇವತ್ತಿಗೂ ಶಿಕ್ಷೆಯಾಗಿಲ್ಲ. ಗೊಂಗಾಡ್ಜೆಯ ತಾಯಿ ಲೆಸ್ಯಾ ತಲೆ ಇಲ್ಲದ ಮಗನನ್ನು ಮಣ್ಣು ಮಾಡಲು ಕೊನೆವರೆಗೂ ಒಪ್ಪಲಿಲ್ಲ. ಅವರು 2013ರಲ್ಲಿ ತೀರಿಕೊಂಡರು. ಮಗನ ಅಂತ್ಯಸಂಸ್ಕಾರ ಆದದ್ದು 2016ರ ಮಾರ್ಚ್‌ನಲ್ಲಿ, ಸತ್ತು ಹದಿನೈದು ವರ್ಷ ಕಳೆದ ಮೇಲೆ.

ಸಂಪಾದಕರೇ, ಇವರು ಒಬ್ಬರೇ ಅಲ್ಲ. ಒಡೆಸಾದ ಸಂಜೆಪತ್ರಿಕೆಯ ಸಂಪಾದಕ ಬೋರಿಸ್ ದೆರೆವ್ಯಾಂಕೊ ಅವರನ್ನು 1997ರಲ್ಲಿ ಹಾಡಹಗಲೇ ಗುಂಡಿಕ್ಕಿ ಕೊಂದರು. ಸ್ಲೊವ್ಯಾನ್ಸ್ಕ್ ಎಂಬ ಸಣ್ಣ ಊರಿನ ಟೀವಿ ನಡೆಸುತ್ತಿದ್ದ ಇಹೋರ್ ಅಲೆಕ್ಸಾಂದ್ರೊವ್ ಅವರನ್ನು 2001ರ ಜುಲೈನಲ್ಲಿ ಕಚೇರಿ ಬಾಗಿಲಲ್ಲೇ ಬೇಸ್‌ಬಾಲ್ ದಾಂಡಿನಿಂದ ಹೊಡೆದರು. ನಾಲ್ಕು ದಿನ ಒದ್ದಾಡಿ ಹೋದರು. ಹುಟ್ಟದೇ ಇದ್ದ ಪತ್ರಿಕೋದ್ಯಮಕ್ಕೆ ಇಷ್ಟು ಜನರನ್ನು ಕೊಲ್ಲುವ ಅಗತ್ಯ ಯಾರಿಗಿತ್ತು?

ಗೊಂಗಾಡ್ಜೆ ಸತ್ತ ಮೇಲೆ ಚಾನೆಲ್‌ಗಳ ಬಾಯಿ ಇನ್ನೂ ಬಿಗಿಯಾಗಿ ಕಟ್ಟಿದರು. 'ತೆಮ್ನಿಕ್' ಅನ್ನುವ ಹಾಳೆಗಳು ಬರತೊಡಗಿದವು. ಅಧ್ಯಕ್ಷರ ಕಚೇರಿಯಿಂದ ಸಂಪಾದಕರಿಗೆ ಹೋಗುವ ಪಟ್ಟಿ. ತಲೆಬರಹ ಇಲ್ಲ, ಸಹಿ ಇಲ್ಲ. ಈ ಸಭೆಯನ್ನು ತೋರಿಸಿ, ಆ ಮೆರವಣಿಗೆಯನ್ನು ಬಿಡಿ, ಈ ವಿಷಯಕ್ಕೆ ಯಾರ ಪ್ರತಿಕ್ರಿಯೆಯೂ ಬೇಡ, ಹೀಗೆ. ಸಂಜೆ ಅಜ್ಜಿ ಚಾನೆಲ್ ಬದಲಿಸುತ್ತಾ ಹೋಗುತ್ತಿದ್ದರು. ಐದು ಚಾನೆಲ್, ಅವೇ ಸುದ್ದಿ, ಅದೇ ಕ್ರಮ, ಎಷ್ಟೋ ಸಲ ಅದೇ ಮಾತು. "ನಮ್ಮ ಕಾಲದ ಮುದ್ರೆಯಾದರೂ ಕಣ್ಣಿಗೆ ಕಾಣ್ತಿತ್ತು" ಅನ್ನುತ್ತಿದ್ದರು. ಆದರೆ ಆ ಹಾಳೆಗಳು ಹೊರಗೆ ಬಂದದ್ದು ಹೇಗೆ? ಚಾನೆಲ್ ಒಳಗಿದ್ದ ಪತ್ರಕರ್ತರಿಂದಲೇ. 2002ರಲ್ಲಿ ನೂರಾರು ಮಂದಿ ಸೆನ್ಸಾರ್ ವಿರುದ್ಧ ಹೆಸರು ಹಾಕಿ ಸಹಿ ಮಾಡಿದರು. ಆ ಡಿಸೆಂಬರ್ 4ರಂದು ಸಂಸತ್ತು ಈ ವಿಷಯಕ್ಕೇ ಒಂದು ದಿನ ವಿಚಾರಣೆ ಇಟ್ಟಿತು. ಮನೆ ಸಾಲ, ಮಕ್ಕಳ ಫೀಸು ಇರುವ ಸಾಮಾನ್ಯ ಜನ ಅವರು. ತಿಂಗಳ ಸಂಬಳ ಕೊಡುವವನ ಹೆಸರು ಹೇಳಿ ನಿಲ್ಲುವುದು ಸುಲಭದ ಮಾತಲ್ಲ. 2004ರ ಮಾರ್ಚ್‌ನಲ್ಲಿ ಅಜ್ಜಿಯ ಸ್ವೊಬೊದಾವನ್ನು ಮರುಪ್ರಸಾರ ಮಾಡುತ್ತಿದ್ದ ಕೀವ್‌ನ ಎಫ್‌ಎಂ ಸ್ಟೇಷನ್ನನ್ನೂ ಮುಚ್ಚಿಸಿದರು.

ಅದೇ ವರ್ಷ ನವೆಂಬರ್ 21, ಅಧ್ಯಕ್ಷರ ಚುನಾವಣೆಯ ಎರಡನೇ ಸುತ್ತು. ವಿಕ್ಟರ್ ಯನುಕೊವಿಚ್ ಗೆದ್ದರು ಅಂತ ಆಯೋಗ 24ರಂದು ಘೋಷಿಸಿತು. ಅಷ್ಟರಲ್ಲಿ ಚುನಾವಣೆಯಲ್ಲಿ ಮೋಸ ಆಗಿದೆ ಅಂತ ಕೀವ್‌ನ ಮೈದಾನ್ ಚೌಕದಲ್ಲಿ ಲಕ್ಷಾಂತರ ಜನ ಎದುರಾಳಿ ವಿಕ್ಟರ್ ಯುಶ್ಚೆಂಕೊ ಕಡೆಯ ಕಿತ್ತಳೆ ಬಣ್ಣ ಕಟ್ಟಿಕೊಂಡು ಹಿಮದಲ್ಲಿ ನಿಂತಿದ್ದರು. ಟೀವಿಯಲ್ಲಿ ಅವರ ಸುಳಿವೇ ಇಲ್ಲ. 'ಐದನೇ ಚಾನೆಲ್' ಎಂಬ ಹೆಸರಿನ ಚಾನೆಲ್ ಒಂದು ಬಿಟ್ಟು.

25ರ ಗುರುವಾರ ತರಗತಿ ಇರಲಿಲ್ಲ. ನಾನೂ ಅಜ್ಜಿಯೂ ಅಡುಗೆಮನೆಯಲ್ಲಿದ್ದೆವು. ಹನ್ನೊಂದು ಗಂಟೆಯ ಸುದ್ದಿ, ಸರಕಾರಿ ಚಾನೆಲ್ಲು. ಓದುವವರು ಓದುತ್ತಿದ್ದರು. ಮೂಲೆಯ ಸಣ್ಣ ಚೌಕದಲ್ಲಿ ಸಂಜ್ಞೆ ಭಾಷೆಯಲ್ಲಿ ಹೇಳುವ ಹೆಂಗಸು ಕೈ ಆಡಿಸುತ್ತಿದ್ದರು. ನಮಗೆ ಏನೂ ವಿಶೇಷ ಕಾಣಲಿಲ್ಲ. ಸುದ್ದಿ ಮುಗಿದು ಹತ್ತು ನಿಮಿಷಕ್ಕೆ ಬಾಗಿಲು ಧಡಧಡ ಬಡಿದ ಸದ್ದು. ಕೆಳಗಿನ ಮಹಡಿಯ ಮುದುಕರು. ಹುಟ್ಟಿನಿಂದಲೇ ಅವರಿಗೆ ಕಿವಿ ಕೇಳದು, ದರ್ಜಿ ಕೆಲಸ ಮಾಡಿದ್ದವರು. ಮುಖ ಪೂರ್ತಿ ಒದ್ದೆ. ಕೈ ಆಡಿಸಿದರು, ನಮಗೆ ಅರ್ಥವಾಗಲಿಲ್ಲ. ಮೇಜಿನ ಮೇಲಿದ್ದ ಕೆಂಪು ಪೆನ್ಸಿಲ್ ಕಿತ್ತುಕೊಂಡು ಪತ್ರಿಕೆಯ ಅಂಚಿನಲ್ಲಿ ಬರೆದರು. ಆ ಹೆಂಗಸು ಸುದ್ದಿ ಹೇಳಲಿಲ್ಲ. ಫಲಿತಾಂಶ ಸುಳ್ಳು, ನಂಬಬೇಡಿ ಅಂದಳು. ಇಷ್ಟು ದಿನ ನಿಮಗೆ ಸುಳ್ಳು ತಲುಪಿಸಿದ್ದಕ್ಕೆ ಕ್ಷಮಿಸಿ ಅಂದಳು. ಇನ್ನು ನಾನು ನಿಮಗೆ ಕಾಣಿಸುತ್ತೇನೋ ಇಲ್ಲವೋ ಅಂದಳು.

ಅವರ ಹೆಸರು ನತಾಲಿಯಾ ದ್ಮಿತ್ರುಕ್. ತಂದೆ ತಾಯಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಸಂಜ್ಞೆಯೇ ಅವರ ಮನೆಮಾತು. ಅಂಗಿಯ ತೋಳಿನೊಳಗೆ ಕಿತ್ತಳೆ ರಿಬ್ಬನ್ ಕಟ್ಟಿಕೊಂಡು ಸ್ಟುಡಿಯೋಗೆ ಹೋಗಿದ್ದರು ಅಂತ ಆಮೇಲೆ ಗೊತ್ತಾಯಿತು. ದೇಶದಲ್ಲಿ ಕಿವಿ ಕೇಳುವವರೆಲ್ಲ ಸುಳ್ಳು ಕೇಳುತ್ತಾ ಕೂತಿದ್ದ ಹೊತ್ತಿನಲ್ಲಿ ಕೇಳದವರಿಗೆ ನಿಜ ಸಿಕ್ಕಿತ್ತು. ಅವರ ಬೆನ್ನಿಗೆ ಅದೇ ಚಾನೆಲ್ಲಿನ ಇನ್ನೂರಕ್ಕೂ ಜಾಸ್ತಿ ಮಂದಿ ಮುಷ್ಕರಕ್ಕೆ ನಿಂತರು. ಇನ್ನೊಂದು ದೊಡ್ಡ ಖಾಸಗಿ ಚಾನೆಲ್ಲಿನವರು ಒಟ್ಟಾಗಿ ಕ್ಯಾಮೆರಾ ಮುಂದೆ ಬಂದು ಇನ್ನು ಮೇಲೆ ನಿಜವನ್ನೇ ಹೇಳುತ್ತೇವೆ ಅಂದರು. ಅಜ್ಜಿ ಏನೂ ಮಾತಾಡಲಿಲ್ಲ. ದರ್ಜಿಯವರಿಗೆ ಚಹಾ ಕೊಟ್ಟರು. ಆಮೇಲೆ ಅವರು ಬರೆದಿದ್ದ ಸಾಲುಗಳನ್ನು ಓದಿ, ಅದೇ ಪೆನ್ಸಿಲ್ ತೆಗೆದುಕೊಂಡು ಕೆಳಗೆ ತಮ್ಮ ಸಹಿ ಹಾಕಿದರು, ಪ್ರೂಫ್ ಮುಗಿದಾಗ ಹಾಕುವ ಹಾಗೆ. ಅವರು ಮೊದಲ ಸಲ ಅತ್ತದ್ದನ್ನು ನಾನು ನೋಡಿದ್ದು ಆಗ.

ಡಿಸೆಂಬರ್ 26ರಂದು ಮರುಚುನಾವಣೆಯಾಗಿ ವಿಕ್ಟರ್ ಯುಶ್ಚೆಂಕೊ ಗೆದ್ದರು. ಅದರಿಂದ ಎಲ್ಲ ಸರಿಹೋಯಿತು ಅಂತ ನಾನು ಬರೆಯುವುದಿಲ್ಲ. ಚಾನೆಲ್‌ಗಳು ಅದೇ ಧಣಿಗಳ ಹತ್ತಿರವೇ ಉಳಿದವು. ಜಿನ್ಸಾ ನಿಲ್ಲಲಿಲ್ಲ. 2016ರ ಜುಲೈ 20ರ ಬೆಳಿಗ್ಗೆ ಕೀವ್ ನಡುಬೀದಿಯಲ್ಲಿ ಕಾರಿಗೆ ಬಾಂಬ್ ಇಟ್ಟು ಪಾವೆಲ್ ಶೆರೆಮೆತ್ ಅವರನ್ನು ಕೊಂದರು. ಅವರೂ ಅದೇ ಉಕ್ರಾಯಿನ್‌ಸ್ಕಾ ಪ್ರಾವ್ದಾದವರು, ಕಾರು ಒಲೆನಾ ಪ್ರಿತುಲಾ ಅವರದ್ದು. ಆದರೆ ಆ ಪತ್ರಿಕೆ ಮುಚ್ಚಲಿಲ್ಲ. 2013ರ ನವೆಂಬರಿನಲ್ಲಿ ಆಗಿನ ಅಧ್ಯಕ್ಷ ಯನುಕೊವಿಚ್ ವಿರುದ್ಧ ಮೈದಾನ್‌ಗೆ ಬನ್ನಿ ಅಂತ ಫೇಸ್‌ಬುಕ್‌ನಲ್ಲಿ ಮೊದಲು ಕರೆದ ಮುಸ್ತಫಾ ನಯೆಮ್ ಅಲ್ಲಿ ಬರೆಯುತ್ತಿದ್ದವರೇ. ಯುದ್ಧದ ನಡುವೆಯೂ ಅಲ್ಲಿನ ಪತ್ರಕರ್ತರು ತಮ್ಮದೇ ಸರಕಾರವನ್ನು ಬಿಟ್ಟಿಲ್ಲ. 2023ರ ಜನವರಿಯಲ್ಲಿ ಯೂರಿ ನಿಕೊಲೊವ್ ಸೈನ್ಯಕ್ಕೆ ಕೊಳ್ಳುವ ಊಟದ ಲೆಕ್ಕ ಹೊರಹಾಕಿದರು. ಅಂಗಡಿಯಲ್ಲಿ ಏಳು ಹ್ರಿವ್ನಿಯಾ ಆಸುಪಾಸಿನ ಮೊಟ್ಟೆಗೆ ಹದಿನೇಳು! ಮೂರು ದಿನದಲ್ಲಿ ರಕ್ಷಣಾ ಉಪಮಂತ್ರಿ ರಾಜೀನಾಮೆ ಕೊಟ್ಟರು. ಮರುವರ್ಷ ಯಾರೋ ಅದೇ ನಿಕೊಲೊವ್ ಅವರ ಮನೆ ಬಾಗಿಲು ಬಡಿದು ಅವರನ್ನು ಹೆದರಿಸಿದರು. ಬಾಂಬ್ ಬೀಳುವ ಊರಿನಲ್ಲಿ ಕೂತು ಮೊಟ್ಟೆಯ ಲೆಕ್ಕ ಕೇಳುವುದಕ್ಕೆ ಎಂಥ ಎದೆ ಬೇಕು, ಯೋಚಿಸಿ.

ಇದರಲ್ಲಿ ನಮಗೇನು ಅಂತ ಕೆಲವರು ಕೇಳಬಹುದು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದಾಗ ಇಡೀ ಕರ್ನಾಟಕ ಆ ಊರಿನ ಹೆಸರು ಕಲಿಯಿತು. ಆ ವಾರ ನಮ್ಮ ಸುತ್ತಲಿನ ಊರುಗಳ ತಂದೆ ತಾಯಿ ನನ್ನ ಕ್ಲಿನಿಕ್ಕಿಗೆ ಬಂದು ಕೂರುತ್ತಿದ್ದರು, ಭಾಷೆ ಗೊತ್ತಿರುವವಳು ಅಂತ. ನಾನು ಫೋನಿನಲ್ಲಿ ಉಕ್ರಾಯಿನ್‌ಸ್ಕಾ ಪ್ರಾವ್ದಾ ತೆಗೆದು ಒಂದೊಂದು ಸಾಲೂ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಎಲ್ಲಿ ದಾಳಿ, ಎಲ್ಲಿಂದ ರೈಲು. 2ರಂದು ನಮ್ಮ ರಾಯಭಾರ ಕಚೇರಿ ಕೂಡಲೇ ಖಾರ್ಕಿವ್ ಬಿಡಿ, ನಡೆದಾದರೂ ಪಿಸೋಚಿನ್‌ಗೆ, ಬಬಾಯ್‌ಗೆ ಹೋಗಿ ಅಂದಾಗ ಆ ಊರು ಯಾವ ದಿಕ್ಕು ಅಂತ ಒಬ್ಬ ತಾಯಿಗೆ ರಸೀದಿ ಹಾಳೆಯ ಹಿಂದೆ ನಕ್ಷೆ ಬರೆದು ತೋರಿಸಿದೆ. ಮಗ ಆಮೇಲೆ ಸುರಕ್ಷಿತವಾಗಿ ಬಂದ. ಅವತ್ತು ನಮಗೆ ಸುದ್ದಿ ಕೊಟ್ಟವರು ನೆಲಮಾಳಿಗೆಯಲ್ಲಿ ಕೂತು ಬರೆಯುತ್ತಿದ್ದ ಅಲ್ಲಿನ ವರದಿಗಾರರು, ಗೊಂಗಾಡ್ಜೆ ಶುರು ಮಾಡಿದ ಪತ್ರಿಕೆಯವರು.

ಅದೇ ಪತ್ರಿಕೆಗೆ ಬರೆಯುತ್ತಿದ್ದ ವಿಕ್ಟೋರಿಯಾ ರೋಷ್ಚಿನಾ ಎಂಬ ಹುಡುಗಿ 2023ರ ಆಗಸ್ಟ್‌ನಲ್ಲಿ ರಷ್ಯಾ ಹಿಡಿದುಕೊಂಡ ಜಾಗಕ್ಕೆ ವರದಿ ಮಾಡಲು ಹೋಗಿ ಕಾಣೆಯಾದಳು. ರಷ್ಯನ್ನರ ಸೆರೆಯಲ್ಲಿ ಸತ್ತಳು, ಆಗ ಅವಳಿಗೆ 27. ಶವ 2025ರ ಫೆಬ್ರುವರಿಯಲ್ಲಿ ಬಂತು, ಗುರುತು ಸಿಗದ ಗಂಡಸು ಅಂತ ಚೀಟಿ ಅಂಟಿಸಿ. ಒಳಗಿನ ಕೆಲವು ಅಂಗಗಳೇ ಇರಲಿಲ್ಲ. ಅಜ್ಜಿ ಇದನ್ನು ನೋಡಲಿಲ್ಲ, ಅವರು ಹೋಗಿ ಎಷ್ಟೋ ವರ್ಷವಾಯಿತು. ಸುದ್ದಿ ನನಗೆ ಕಳಿಸಿದವಳು ಅವರ ಮೊಮ್ಮಗಳು, 1986ರ ಮೇ 1ರಂದು ಅಜ್ಜಿಯ ಕಂಕುಳಲ್ಲಿ ಇದ್ದವಳು.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಎರಡನೇ ಪುಟದ ಕೆಳಗೆ ತಿದ್ದುಪಡಿ ಹಾಕುವ ಜಾಗ ಇದೆ. ಆ ಒಂದು ಸಾಲನ್ನು ಅಲ್ಲಿ ತಿದ್ದಿ. ಪತ್ರಿಕೆಗಳು ದುಡ್ಡಿನವರ ಕೈಯಲ್ಲಿದ್ದವು ಅಂತ ಬರೆಯಿರಿ, ಅದು ನಿಜ. ಆದರೆ ಪತ್ರಕರ್ತರು ಇರಲಿಲ್ಲ ಅಂತ ಬರೆಯಬೇಡಿ. ಹೆಸರುಗಳನ್ನು ಕನ್ನಡದಲ್ಲಿ ಹೇಗೆ ಬರೆಯುವುದು ಅಂತ ಅನುಮಾನ ಬಂದರೆ ಕೇಳಿ, ನಾನು ಸರಿಯಾಗಿ ಬರೆದು ಕಳಿಸುತ್ತೇನೆ. ಅಚ್ಚಾಗುವ ಮೊದಲು ಪ್ರೂಫ್ ಕಳಿಸಿದರೂ ನೋಡಿಕೊಡುತ್ತೇನೆ. ಸಂಜೆ ಐದರಿಂದ ಎಂಟರವರೆಗೆ ಕ್ಲಿನಿಕ್‌ನಲ್ಲೇ ಇರುತ್ತೇನೆ.

ಇತಿ ನಿಮ್ಮ ಓದುಗಳು,
ಒಬ್ಬ ವೈದ್ಯೆ, ಹೊಸದುರ್ಗ